ಪರದೆ ಕಪ್ಪಾದಾಗ ಬೀಗದ ಕೈ ಯಾರಲ್ಲಿ?

ಕಂಪ್ಯೂಟರ್ ಚಾಲೂ ಆಗಿದೆ, ಫ್ಯಾನಿನ ಸದ್ದೂ ಕೇಳುತ್ತಿದೆ; ಪರದೆ ಮಾತ್ರ ಕಪ್ಪು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ರಾತ್ರಿ ನವೀಕರಿಸಿ ಮಲಗಿದವರಲ್ಲಿ ಹಲವರು ಬೆಳಿಗ್ಗೆ ಈ ಆಘಾತ ಅನುಭವಿಸಿದ್ದಾರೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಯಂತ್ರವಲ್ಲ, ಪರದೆಗೆ ಚಿತ್ರ ಒದಗಿಸುವ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ. ಕಡತಗಳು ಇದ್ದಲ್ಲೇ ಇರುತ್ತವೆ.

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳರಚನೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಅದರೊಳಗೇ ಸೇರಿದ ಡ್ರೈವರ್‌ಗಳನ್ನು ಬದಲಾವಣೆ ಮಾಡಿದವರೇ ಸರಿಹೊಂದಿಸುತ್ತಾರೆ. ಆದರೆ ಕಂಪನಿ ಗೋಪ್ಯವಾಗಿಟ್ಟ ಡ್ರೈವರನ್ನು ಹೊರಗಿನವರು ತಿದ್ದುವಂತಿಲ್ಲ. ಮನೆಯೆಲ್ಲ ತೆರೆದಿದ್ದು, ಒಂದು ಕೋಣೆಗೆ ಮಾತ್ರ ಪರರ ಬೀಗ ಬಿದ್ದಂತೆ.

ಈ ಬೀಗದ ಜಗಳ ಹಳೆಯದು. ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ 2012ರಲ್ಲಿ ಎನ್‌ವಿಡಿಯಾ ಕಂಪನಿಯ ಅಸಹಕಾರವನ್ನು ಬಹಿರಂಗವಾಗಿಯೇ ಕಟುವಾಗಿ ಖಂಡಿಸಿದ್ದರು. 2022ರ ಮೇ ತಿಂಗಳಲ್ಲಿ ಆ ಕಂಪನಿ ಡ್ರೈವರ್‌ನ ಕರ್ನಲ್ ಭಾಗದ ಆಕರ ಸಂಕೇತವನ್ನು ಬಿಡುಗಡೆ ಮಾಡಿತು. ಆದರೆ 2018ಕ್ಕಿಂತ ಹಿಂದಿನ ಕಾರ್ಡುಗಳಿಗೆ ಅದು ಒದಗದು. ಕಂಪನಿಯ ನೆರವಿಲ್ಲದೆ, ಕಾರ್ಡುಗಳ ವರ್ತನೆಯನ್ನೇ ಅಭ್ಯಸಿಸಿ ಸ್ವಯಂಸೇವಕರು ಆರಂಭಿಸಿದ ‘ನೂವೋ’ ಡ್ರೈವರೇ ಅಂಥ ಹಲವು ಕಾರ್ಡುಗಳಿಗೆ ಆಸರೆ. ವೇಗ ಕಡಿಮೆ, ಪರದೆಯಂತೂ ಬೆಳಗುತ್ತದೆ.

ತತ್ಕಾಲದ ಉಪಾಯ ಸರಳ. ಉಬುಂಟು, ಫೆಡೋರಾಗಳು ಹಿಂದಿನ ಕರ್ನಲನ್ನೂ ಉಳಿಸಿಕೊಂಡಿರುತ್ತವೆ. ಆರಂಭದ ಪಟ್ಟಿಯಲ್ಲಿ ಅದನ್ನು ಆರಿಸಿದರೆ ಬಹುತೇಕ ಕೆಲಸ ಸಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಅಕ್ಷರಗಳಷ್ಟೇ ಕಾಣುವ ಪರದೆಗೆ ಹೋಗಿ ಡ್ರೈವರನ್ನು ತೆಗೆದುಹಾಕಬಹುದು.

ಶಾಶ್ವತ ಪರಿಹಾರ ಇರುವುದು ಖರೀದಿಯ ವೇಳೆಯಲ್ಲಿ. ಬೆಲೆ, ವೇಗಗಳ ಜೊತೆಗೆ ‘ಇದರ ಡ್ರೈವರ್ ಮುಕ್ತವೇ?’ ಎಂದೂ ನಾವು ಕೇಳಬೇಕು. ಹಣ ಕೊಟ್ಟು ಕೊಂಡ ಯಂತ್ರದ ಆಯುಷ್ಯವನ್ನು ಮಾರಿದವರು ನಿರ್ಧರಿಸಬಾರದು.