ಪೋಪರ ಪೀಠದ ಹಳೆಯ ವಿಧಿವೈಭವ ಮರಳಿ ಬರಬೇಕೆ? – ಒಂದು ವಿವೇಚನೆ



2025ರ ಮೇ 8ರಂದು ರೋಮಿನ ಸಂತ ಪೇತ್ರರ ಮಹಾದೇವಾಲಯದ ಬಾಲ್ಕನಿಯಲ್ಲಿ ನೂತನ ಪೋಪ್ ಹದಿನಾಲ್ಕನೆಯ ಲಿಯೋ ಅವರು ಜನರಿಗೆ ದರ್ಶನವಿತ್ತಾಗ, ಅವರ ಹೆಗಲ ಮೇಲೆ ಕೆಂಪು ಬಣ್ಣದ ಕಿರುಹೊದಿಕೆಯೊಂದಿತ್ತು. ಅದರ ಹೆಸರು ಮೊಜೆಟ್ಟಾ. 2013ರ ಮಾರ್ಚ್ 13ರಂದು ಅದೇ ಬಾಲ್ಕನಿಗೆ ಬಂದ ಪೋಪ್ ಫ್ರಾನ್ಸಿಸ್ ಅವರು ಅದನ್ನು ಧರಿಸದೆ ಬಿಳಿಯ ನಿಲುವಂಗಿಯಲ್ಲಿಯೇ ಕಾಣಿಸಿಕೊಂಡಿದ್ದರು. ಈ ಪುಟ್ಟ ವಸ್ತ್ರವನ್ನು ಕಂಡು ಕೆಲವರು ‘ಪರಂಪರೆ ಮರಳಿತು’ ಎಂದು ಹರ್ಷಪಟ್ಟರು; ಕೆಲವರು ‘ಸರಳತೆ ಹೋಯಿತು’ ಎಂದು ಚಿಂತಿಸಿದರು. ಅದರ ಹಿಂದೆಯೇ, ದಶಕಗಳ ಹಿಂದೆ ನಿಂತುಹೋದ ಕಿರೀಟಧಾರಣೆ, ಹೊರುವ ಸಿಂಹಾಸನ, ಗರಿಯ ಬೀಸಣಿಗೆ ಮುಂತಾದವು ಮತ್ತೆ ಬರಬೇಕೆಂಬ ಹಳೆಯ ಅಪೇಕ್ಷೆಯೂ ಒಂದು ವರ್ಗದ ಕ್ಯಾಥೊಲಿಕರಲ್ಲಿ ಪುನಃ ಕೇಳಿಬಂದಿತು. ಈ ಬಗ್ಗೆ ತಿಳಿಸಬೇಕೆಂದು ಕೆಲವು ಭಕ್ತರು ನಮ್ಮಲ್ಲಿ ಕೋರಿದ್ದರಿಂದ ಈ ಲೇಖನ.

ಅನ್ಯ ಧರ್ಮಪೀಠವೊಂದರ ವಿಧಿಗಳನ್ನು ನಿರ್ಣಯಿಸುವ ಅಧಿಕಾರ ನಮ್ಮದಲ್ಲ. ಆದರೆ ಅರಿಯುವುದಕ್ಕೆ ಅಡ್ಡಿಯಿಲ್ಲ. ಕನ್ನಡ ಕ್ಯಾಥೊಲಿಕ್ ಬಂಧುಗಳು ಪೋಪರನ್ನು ‘ಜಗದ್ಗುರು’ ಎಂದೂ ‘ವಿಶ್ವಗುರು’ ಎಂದೂ ಕರೆಯುವುದು ರೂಢಿ. ಪೀಠದಲ್ಲಿ ಕುಳಿತವರಿಗೆ ಸಲ್ಲುವ ಗೌರವ ಪೀಠಕ್ಕೋ ವ್ಯಕ್ತಿಗೋ ಎಂಬ ಪ್ರಶ್ನೆ ಇಲ್ಲಿ ಅಡಗಿದೆ. ಆದುದರಿಂದ ವಿಷಯವು ನಮ್ಮ ಓದುಗರಿಗೆ ತೀರ ದೂರದ್ದೆನಿಸದು.

ಹಳೆಯ ವೈಭವದ ಸ್ವರೂಪ

ಪೋಪರ ಕಿರೀಟಕ್ಕೆ ಟಿಯಾರಾ ಎಂದು ಹೆಸರು. ಮೊದಲಿಗೆ ಅದು ಎತ್ತರದ ಟೋಪಿಯಂತಿದ್ದು, ಅದರ ಬುಡದಲ್ಲಿ ಒಂದೇ ಪಟ್ಟವಿತ್ತು. 1294ರಿಂದ 1303ರವರೆಗೆ ಪೀಠದಲ್ಲಿದ್ದ ಎಂಟನೆಯ ಬೋನಿಫೇಸ್ ಅವರ ಕಾಲದಲ್ಲಿ ಎರಡನೆಯ ಪಟ್ಟ ಸೇರಿತು. ಹದಿನಾಲ್ಕನೆಯ ಶತಮಾನದಲ್ಲಿ ಮೂರನೆಯದೂ ಸೇರಿ ಅದು ತ್ರಿಮುಕುಟವಾಯಿತು. ಅರಸರೊಡನೆ ಪೋಪರು ಅಧಿಕಾರಕ್ಕಾಗಿ ಸೆಣಸುತ್ತಿದ್ದ ಕಾಲವದು ಎಂಬುದನ್ನು ಮರೆಯುವಂತಿಲ್ಲ. ಕಿರೀಟವನ್ನು ತೊಡಿಸುವಾಗ ಪಠಿಸುತ್ತಿದ್ದ ವಾಕ್ಯವು ಪೋಪರನ್ನು ಅರಸರ ತಂದೆಯೆಂದೂ ಲೋಕದ ಆಳುವವನೆಂದೂ ಭೂಮಿಯ ಮೇಲೆ ಕ್ರಿಸ್ತನ ಪ್ರತಿನಿಧಿಯೆಂದೂ ಸಂಬೋಧಿಸುತ್ತಿತ್ತು.

ಪೋಪರನ್ನು ಕುಳ್ಳಿರಿಸಿ ಹೊತ್ತೊಯ್ಯುತ್ತಿದ್ದ ಆಸನಕ್ಕೆ ಸೆಡಿಯಾ ಜೆಸ್ಟಟೋರಿಯಾ ಎಂದು ಹೆಸರು. ಕೆಂಪು ಉಡುಪಿನ ಹನ್ನೆರಡು ಮಂದಿ ಸೇವಕರು ಅದನ್ನು ಹೆಗಲ ಮೇಲೆ ಹೊರುತ್ತಿದ್ದರು. ಇಕ್ಕೆಲಗಳಲ್ಲಿ ಉಷ್ಟ್ರಪಕ್ಷಿಯ ಬಿಳಿ ಗರಿಗಳಿಂದ ಮಾಡಿದ ದೊಡ್ಡ ಬೀಸಣಿಗೆಗಳು ಸಾಗುತ್ತಿದ್ದವು. ವಂಶಪಾರಂಪರ್ಯವಾಗಿ ಪದವಿ ಪಡೆದ ಕುಲೀನರ ಆಸ್ಥಾನ, ಕುಲೀನರದೇ ಕಾವಲು ಪಡೆ, ಪಾದಚುಂಬನದ ಪದ್ಧತಿ ಇವೆಲ್ಲವೂ ಇದ್ದವು.

ಇವುಗಳ ನಡುವೆ, ಪಟ್ಟಾಭಿಷೇಕದ ದಿನ ಮಾತ್ರ ನಡೆಯುತ್ತಿದ್ದ ಚಿಕ್ಕ ವಿಧಿಯೊಂದಿತ್ತು. ನೂತನ ಪೋಪರ ಮೆರವಣಿಗೆ ದೇವಾಲಯದೊಳಗೆ ಸಾಗುವಾಗ ವಿಧಿಗಳ ಮುಖ್ಯಸ್ಥನು ಮೂರು ಬಾರಿ ಅದನ್ನು ತಡೆದು ನಿಲ್ಲಿಸುತ್ತಿದ್ದನು. ಕೋಲಿನ ತುದಿಗೆ ಕಟ್ಟಿದ ನಾರಿಗೆ ಬೆಂಕಿ ಹಚ್ಚುತ್ತಿದ್ದನು. ಅದು ಕ್ಷಣಮಾತ್ರದಲ್ಲಿ ಉರಿದು ಬೂದಿಯಾಗುತ್ತಿತ್ತು. ಆಗ ಅವನು, ಲೋಕದ ವೈಭವವು ಹೀಗೆಯೇ ಕಳೆದುಹೋಗುತ್ತದೆ ಎಂದು ಲ್ಯಾಟಿನ್ ಭಾಷೆಯಲ್ಲಿ ಪೋಪರಿಗೇ ನೇರವಾಗಿ ಹೇಳುತ್ತಿದ್ದನು. ಈ ವಿಧಿಗೆ ಮುಂದೆ ಮತ್ತೆ ಬರುತ್ತೇವೆ.

ನಿಂತುಹೋದ ಬಗೆ

1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮನ್ನು ವಶಪಡಿಸಿಕೊಂಡಿತು. ಪೋಪರ ರಾಜ್ಯಾಡಳಿತವು ಅಂದಿಗೆ ಮುಗಿಯಿತು. 1929ರ ಲ್ಯಾಟೆರನ್ ಒಪ್ಪಂದದಿಂದ ಅವರಿಗೆ ದೊರೆತದ್ದು ಸುಮಾರು 44 ಹೆಕ್ಟೇರಿನ ವ್ಯಾಟಿಕನ್ ನಗರ ಮಾತ್ರ. ರಾಜ್ಯ ಹೋದರೂ ರಾಜೋಪಚಾರ ಮಾತ್ರ ಉಳಿದುಬಂದಿತು.

1963ರ ಜೂನ್ 30ರಂದು ಆರನೆಯ ಪಾಲ್ ಅವರಿಗೆ ನಡೆದ ಕಿರೀಟಧಾರಣೆಯೇ ಇದುವರೆಗಿನ ಕೊನೆಯದು. ಅವರು ಮೊದಲು ಮಿಲಾನ್ ನಗರದ ಮಹಾಧರ್ಮಾಧ್ಯಕ್ಷರಾಗಿದ್ದವರು. ಆ ನಗರದ ಜನರೇ ಅವರಿಗೆ ಹೊಸ ಕಿರೀಟವನ್ನು ಕಾಣಿಕೆಯಾಗಿ ಅರ್ಪಿಸಿದ್ದರು. 1964ರ ನವೆಂಬರ್ 13ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ ಅವಧಿಯಲ್ಲಿ, ಬಲಿಪೂಜೆಯ ಕೊನೆಗೆ ಅವರು ಆ ಕಿರೀಟವನ್ನು ತಂದು ಬಲಿಪೀಠದ ಮೇಲಿಟ್ಟು ಬಡವರಿಗಾಗಿ ಅರ್ಪಿಸಿದರು. ಇಂದು ಅದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿರುವ ಮಾತೆ ಮರಿಯಮ್ಮನವರ ರಾಷ್ಟ್ರೀಯ ದೇವಾಲಯದಲ್ಲಿದೆ.

ಇದಾದ ಮೂರು ವಾರದೊಳಗೆ, 1964ರ ಡಿಸೆಂಬರ್ 2ರಂದು, ಅವರು ಮುಂಬಯಿಗೆ ಬಂದಿಳಿದರು. ಭಾರತಕ್ಕೆ ಬಂದ ಮೊದಲ ಪೋಪರು ಅವರೇ. ಇಲ್ಲಿ ತಮ್ಮ ಬಳಕೆಗೆ ಒದಗಿಸಲಾಗಿದ್ದ ಬಿಳಿಯ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟುಹೋದರು. ಆ ತಾಯಿ ಅದನ್ನು ಲಾಟರಿಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ಬಳಸಿದರು. ಕಿರೀಟ ಮತ್ತು ಕಾರು, ಎರಡನ್ನೂ ಒಂದೇ ಮನಸ್ಸು ಕೊಟ್ಟಿತೆಂಬುದು ಸ್ಪಷ್ಟ.

ಅದೇ ಪೋಪರು 1968ರಲ್ಲಿ ಆಸ್ಥಾನದ ವಂಶಪಾರಂಪರ್ಯ ಪದವಿಗಳಲ್ಲಿ ಹೆಚ್ಚಿನವನ್ನು ರದ್ದುಗೊಳಿಸಿದರು. 1970ರಲ್ಲಿ ಕುಲೀನರ ಕಾವಲು ಪಡೆಯನ್ನು ವಿಸರ್ಜಿಸಿದರು. 1506ರಿಂದ ಸೇವೆಯಲ್ಲಿರುವ ಸ್ವಿಸ್ ಕಾವಲು ಪಡೆಯನ್ನು ಉಳಿಸಿಕೊಂಡರು. ಅದಕ್ಕೆ ನಿಜವಾದ ಕೆಲಸವಿತ್ತು. ಆದರೆ ಕಿರೀಟಧಾರಣೆಯನ್ನು ಅವರು ಕಾನೂನಿನಿಂದ ನಿಷೇಧಿಸಲಿಲ್ಲ. 1975ರಲ್ಲಿ ಅವರೇ ಹೊರಡಿಸಿದ ಚುನಾವಣಾ ನಿಯಮಾವಳಿಯಲ್ಲಿ ಕಿರೀಟಧಾರಣೆಯ ಮಾತು ಉಳಿದಿತ್ತು. 1978ರಲ್ಲಿ ಆಯ್ಕೆಯಾದ ಮೊದಲನೆಯ ಜಾನ್ ಪಾಲ್ ಅವರು ತಾವಾಗಿ ಅದನ್ನು ಬೇಡವೆಂದರು. ಅವರು ಒಂದೇ ತಿಂಗಳಲ್ಲಿ ನಿಧನರಾದ ಮೇಲೆ ಬಂದ ಎರಡನೆಯ ಜಾನ್ ಪಾಲ್ ಅವರು, ಲೌಕಿಕ ಅಧಿಕಾರದ ಗುರುತೆಂದು ಜನ ತಪ್ಪಾಗಿ ತಿಳಿದಿರುವ ವಿಧಿಗೆ ಮರಳಲು ಇದು ಸಮಯವಲ್ಲ ಎಂಬರ್ಥದಲ್ಲಿ ಮಾತನಾಡಿದರು. 1996ರ ಅವರ ನಿಯಮಾವಳಿಯಲ್ಲಿ ಕಿರೀಟದ ಉಲ್ಲೇಖವಿಲ್ಲ. ‘ಪೋಪ್ ಪದವಿಯ ಆರಂಭ’ದ ವಿಧಿಯ ಮಾತಿದೆ.

ಹೀಗಿದ್ದರೂ ಕಿರೀಟವು ಪೂರ್ಣವಾಗಿ ಮರೆಯಾಗಿಲ್ಲ. ವ್ಯಾಟಿಕನ್ನಿನ ಧ್ವಜದಲ್ಲಿ ಇಂದಿಗೂ ಅದರ ಚಿತ್ರವಿದೆ. ಪ್ರತಿವರ್ಷ ಜೂನ್ 29ರಂದು ಸಂತ ಪೇತ್ರರ ಕಂಚಿನ ಪ್ರತಿಮೆಗೆ ಕಿರೀಟವನ್ನು ತೊಡಿಸಲಾಗುತ್ತದೆ.

ಮರಳಿ ಬರಲಿ ಎನ್ನುವವರ ವಾದ

ಇವರ ವಾದವನ್ನು ಆಡಂಬರದ ಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಿರೀಟವು ವ್ಯಕ್ತಿಗಲ್ಲ, ಪೀಠಕ್ಕೆ ಸೇರಿದ್ದು ಎಂಬುದು ಅವರ ಮುಖ್ಯ ಮಾತು. ಪ್ರತಿಯೊಬ್ಬರೂ ಅದೇ ಉಡುಪು ಧರಿಸಿ, ಅದೇ ಆಸನದಲ್ಲಿ ಕುಳಿತಾಗ ವ್ಯಕ್ತಿಯು ಪದವಿಯಲ್ಲಿ ಮರೆಯಾಗುತ್ತಾನೆ. ಪ್ರತಿಯೊಬ್ಬ ಪೋಪರೂ ತಮಗೆ ಬೇಕಾದುದನ್ನು ಧರಿಸಿ ಬೇಡವಾದುದನ್ನು ಬಿಟ್ಟಾಗ, ಜನರ ಕಣ್ಣು ಪೀಠವನ್ನು ಬಿಟ್ಟು ಅವರ ಅಭಿರುಚಿಯ ಮೇಲೆ ನೆಡುತ್ತದೆ. ಆಗ ಸರಳತೆಯೂ ಒಂದು ಪ್ರದರ್ಶನವಾದೀತು. ಈ ಮಾತಿನಲ್ಲಿ ಸತ್ಯವಿದೆ.

ಬೆಲೆಬಾಳುವ ವಸ್ತುವೆಂಬ ಆಕ್ಷೇಪಕ್ಕೂ ಅವರಲ್ಲಿ ಉತ್ತರವಿದೆ. 1800ರಲ್ಲಿ ಏಳನೆಯ ಪಯಸ್ ಅವರ ಪಟ್ಟಾಭಿಷೇಕವು ವೆನಿಸ್ ನಗರದಲ್ಲಿ ನಡೆಯಬೇಕಾಯಿತು. ರೋಮಿನ ಕಿರೀಟಗಳು ಫ್ರೆಂಚರ ಕೈಸೇರಿದ್ದವು. ಆಗ ಕಾಗದದ ಮುದ್ದೆಯಿಂದ ಕಿರೀಟವೊಂದನ್ನು ಮಾಡಿ, ಆ ಊರಿನ ಹೆಂಗಸರು ಕೊಟ್ಟ ಒಡವೆಗಳಿಂದ ಅದನ್ನು ಅಲಂಕರಿಸಲಾಯಿತು. ವಿಧಿಗೆ ಯಾವ ಕೊರತೆಯೂ ಆಗಲಿಲ್ಲ. ಚಿನ್ನವಲ್ಲ, ಜನರ ಪ್ರೀತಿ ಮುಖ್ಯ ಎಂದು ಅವರು ಹೇಳುವುದಕ್ಕೆ ಇದು ಒಳ್ಳೆಯ ನಿದರ್ಶನ.

ಹೊರುವ ಆಸನದ ವಿಷಯದಲ್ಲಿಯೂ ಹೀಗೆಯೇ. ಮೊದಲನೆಯ ಜಾನ್ ಪಾಲ್ ಅವರು ಅದನ್ನು ಮೊದಲಿಗೆ ಬೇಡವೆಂದರೂ, ಹಿಂದೆ ನಿಂತವರಿಗೆ ತಾವು ಕಾಣಿಸುವುದಿಲ್ಲವೆಂಬ ಕಾರಣಕ್ಕೆ ಕೊನೆಗೆ ಒಪ್ಪಿಕೊಂಡರು. ದೂರದಿಂದ ಬಂದ ಭಕ್ತನಿಗೆ ದರ್ಶನವಾಗಲೆಂಬುದೇ ಅದರ ಉಪಯೋಗವಾಗಿತ್ತು.

ನಮ್ಮ ವಿವೇಚನೆ

ಯಾವುದೇ ವಿಧಿಯನ್ನು ಅದರ ವಯಸ್ಸಿನಿಂದಲೋ ಅಂದದಿಂದಲೋ ಅಳೆಯುವುದು ಸಲ್ಲದೆಂದು ನಾವು ತಿಳಿಯುತ್ತೇವೆ. ಅಳೆಯಬೇಕಾದ ಪ್ರಶ್ನೆಗಳು ಬೇರೆ. ಅದು ಯಾವ ಕೆಲಸಕ್ಕಾಗಿ ಹುಟ್ಟಿತು, ಆ ಕೆಲಸ ಈಗಲೂ ಇದೆಯೆ? ನೋಡುವ ಸಾಮಾನ್ಯನಿಗೆ ಅದು ಇಂದು ಏನು ಹೇಳುತ್ತದೆ? ಪೀಠದಲ್ಲಿ ಕುಳಿತವನನ್ನು ಅದು ಕರ್ತವ್ಯಕ್ಕೆ ಕಟ್ಟುತ್ತದೆಯೋ, ಜನರಿಂದ ಮೇಲಕ್ಕೆತ್ತುತ್ತದೆಯೋ?

ಹೊರುವ ಆಸನದ ಕೆಲಸವನ್ನು ಈಗ ತೆರೆದ ವಾಹನವೂ ದೊಡ್ಡ ಪರದೆಗಳೂ ಮಾಡುತ್ತಿವೆ. ಕೆಲಸ ಹೋದ ಮೇಲೆ ಅಲ್ಲಿ ಉಳಿಯುವುದು ಹೊರುವ ಹೆಗಲು, ಕುಳಿತ ದೇಹ ಎಂಬ ಚಿತ್ರ ಮಾತ್ರ. ಆ ಹೊರುವವರ ಬಳಗ ಇಂದಿಗೂ ವ್ಯಾಟಿಕನ್ನಿನ ಸೇವೆಯಲ್ಲಿದೆ. 2025ರ ಏಪ್ರಿಲ್ 26ರಂದು ಪೋಪ್ ಫ್ರಾನ್ಸಿಸ್ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರೇ. ಫ್ರಾನ್ಸಿಸ್ ಅವರು ಹಿಂದಿನ ವರ್ಷವೇ ಅಂತ್ಯಸಂಸ್ಕಾರದ ವಿಧಿಯನ್ನು ತಿದ್ದಿ, ಒಂದರೊಳಗೊಂದಿಡುವ ಮೂರು ಪೆಟ್ಟಿಗೆಗಳ ಬದಲು ಒಂದೇ ಪೆಟ್ಟಿಗೆ ಸಾಕೆಂದು ನಿಯಮಿಸಿದ್ದರು. ಹೊರುವ ಸೇವೆಗೆ ತಕ್ಕ ಸ್ಥಾನ ಅಲ್ಲಿ ದೊರೆಯಿತೆಂದು ನಮಗನ್ನಿಸುತ್ತದೆ.

ಕಿರೀಟದ ಮಾತು ಇನ್ನಷ್ಟು ಸೂಕ್ಷ್ಮ. ಅದು ಲೌಕಿಕ ಅಧಿಕಾರದ ಗುರುತಲ್ಲವೆಂದು ಪಂಡಿತರು ವಿವರಿಸಬಹುದು. ಆದರೆ ವಿಧಿಯು ಮಾತಿಗಿಂತ ಮೊದಲು ಕಣ್ಣಿಗೆ ತಲುಪುತ್ತದೆ. ಕಂಡ ಮೇಲೆ ‘ನೀವು ಕಂಡದ್ದು ಅದಲ್ಲ’ ಎಂದು ವಿವರಿಸಬೇಕಾಗಿ ಬಂದರೆ ಆ ವಿಧಿಯು ಸೋತಿದೆಯೆಂದೇ ಅರ್ಥ. ಅಲ್ಲದೆ, ನಡೆದುಕೊಂಡು ಬಂದ ಸಂಪ್ರದಾಯಕ್ಕೂ ಬಿಟ್ಟು ಮತ್ತೆ ತಂದ ಸಂಪ್ರದಾಯಕ್ಕೂ ಅಂತರವಿದೆ. ನಡೆದುಕೊಂಡು ಬಂದುದನ್ನು ಯಾರೂ ಆರಿಸಿಕೊಂಡಿರುವುದಿಲ್ಲ, ಅದು ಎಲ್ಲರದಾಗಿರುತ್ತದೆ. ಮತ್ತೆ ತಂದುದನ್ನು ಯಾರೋ ಆರಿಸಿಕೊಂಡಿರುತ್ತಾರೆ. ಅದು ಒಂದು ಪಕ್ಷದ ಬಾವುಟವಾಗಿಬಿಡುತ್ತದೆ. ಒಂದು ಕೆಂಪು ಹೊದಿಕೆಯೇ ಇಷ್ಟು ಅರ್ಥ ಪಡೆದುಕೊಂಡಾಗ ತ್ರಿಮುಕುಟವು ಸಮುದಾಯವನ್ನು ಎಷ್ಟು ಸೀಳೀತು! ವ್ಯಕ್ತಿಯನ್ನು ಮರೆಮಾಡಲೆಂದು ಅದನ್ನು ಮರಳಿ ತಂದರೆ, ತಂದವರ ಹೆಸರೇ ಶಾಶ್ವತವಾಗಿ ಅದಕ್ಕೆ ಅಂಟಿಕೊಳ್ಳುವುದು.

ಇನ್ನು ‘ಹಳೆಯದು’ ಎಂದರೆ ಎಷ್ಟು ಹಳೆಯದು ಎಂಬುದನ್ನೂ ಕೇಳಬೇಕು. ಇಂದು ನೂತನ ಪೋಪರಿಗೆ ಕೊಡುವುದು ಪಾಲಿಯಂ ಮತ್ತು ಬೆಸ್ತನ ಉಂಗುರ. ಸಂತ ಪೇತ್ರರು ಮೀನುಗಾರರಾಗಿದ್ದುದರಿಂದ ಉಂಗುರಕ್ಕೆ ಆ ಹೆಸರು. ಪಾಲಿಯಂ ಎಂಬುದು ಕುರಿಯ ಉಣ್ಣೆಯ ಪಟ್ಟಿ. ತಪ್ಪಿಸಿಕೊಂಡ ಕುರಿಯನ್ನು ಹೆಗಲ ಮೇಲೆ ಹೊತ್ತು ತರುವ ಕುರುಬನ ಗುರುತು ಅದು. ತ್ರಿಮುಕುಟಕ್ಕಿಂತ ಎಷ್ಟೋ ಪ್ರಾಚೀನವಾದುದು. ಮಹಾಧರ್ಮಾಧ್ಯಕ್ಷರಿಗೂ ಇದು ಸಲ್ಲುವುದರಿಂದ ನಮ್ಮ ಬೆಂಗಳೂರಿನ ಮಹಾಧರ್ಮಾಧ್ಯಕ್ಷರ ಹೆಗಲ ಮೇಲೂ ಇದನ್ನು ಕಾಣಬಹುದು. ಆದುದರಿಂದ ಕಿರೀಟವನ್ನು ಬಿಟ್ಟವರು ಪರಂಪರೆಯನ್ನು ಬಿಟ್ಟರೆನ್ನಲಾಗದು; ಅದರ ಮೇಲಿನ ಪದರವನ್ನು ತೆಗೆದು ಕೆಳಗಿನದನ್ನು ತೋರಿಸಿದರು. ಹಾಗೆಂದು ಪ್ರಾಚೀನವಾದುದೆಲ್ಲ ಇಂದಿಗೆ ಹೊಂದುತ್ತದೆಂದೂ ಅಲ್ಲ. ಹದಿನಾರನೆಯ ಬೆನೆಡಿಕ್ಟ್ ಅವರು 2005ರಲ್ಲಿ ಪಾಲಿಯಮಿನ ಬಹು ಪ್ರಾಚೀನ ಆಕಾರವನ್ನು ಮರಳಿ ತಂದರು. ಧರಿಸಲು ಅನುಕೂಲವಾಗದ ಕಾರಣ 2008ರಲ್ಲಿ ಅದನ್ನು ಬದಲಿಸಬೇಕಾಯಿತು. ಅವರು ತಮ್ಮ ಲಾಂಛನದಲ್ಲಿ ಕಿರೀಟದ ಜಾಗದಲ್ಲಿ ಮೂರು ಪಟ್ಟಿಗಳುಳ್ಳ ಧರ್ಮಾಧ್ಯಕ್ಷರ ಶಿರಸ್ತ್ರಾಣವನ್ನು ಇರಿಸಿದರು. ಹಳೆಯದರ ನೆನಪನ್ನೂ ಹೊಸದರ ಅರ್ಥವನ್ನೂ ಒಂದರಲ್ಲಿ ಕೂಡಿಸಿದ ವಿವೇಕವದು.

ಮರಳಬೇಕಾದುದು ಒಂದಿದೆ

ಕೊನೆಯದಾಗಿ ಆ ಉರಿಯುವ ನಾರಿನ ವಿಧಿ. ಪಟ್ಟಾಭಿಷೇಕದ ಅಂಗವಾಗಿದ್ದುದರಿಂದ ಅದೂ ಪಟ್ಟಾಭಿಷೇಕದೊಡನೆ ನಿಂತುಹೋಯಿತು. ಇದು ವಿಚಿತ್ರವಾದ ನಷ್ಟ. ವಿನಯಕ್ಕಾಗಿ ಕಿರೀಟವನ್ನು ಬಿಡುವಾಗ, ಕಿರೀಟಧಾರಿಗೆ ವಿನಯವನ್ನು ಕಲಿಸುತ್ತಿದ್ದ ವಿಧಿಯೂ ಬಿಟ್ಟುಹೋಯಿತು. ಹಳೆಯವರು ವೈಭವವನ್ನು ಕಟ್ಟಿದಾಗ ಅದರ ಮದ್ದನ್ನೂ ಅದರೊಳಗೇ ಇರಿಸಿದ್ದರು. ಇಂದು ವೈಭವವು ಕಿರೀಟದ ರೂಪದಲ್ಲಿಲ್ಲದಿರಬಹುದು. ಲಕ್ಷಾಂತರ ಜನರ ಜಯಘೋಷ, ಲೋಕದ ಕ್ಯಾಮೆರಾಗಳು, ದಿನವಿಡೀ ಬರುವ ಸ್ತುತಿ ಇವುಗಳ ರೂಪದಲ್ಲಿದೆ. ಸರಳ ಉಡುಪಿನವರಿಗೂ ಅದರ ಅಮಲು ಏರಬಹುದು. ತನ್ನ ವಿನಯವನ್ನು ತಾನೇ ಆರಿಸಿಕೊಂಡವನಿಗೆ ಹೊರಗಿನಿಂದ ಎಚ್ಚರಿಸುವ ದನಿಯೊಂದು ಹೆಚ್ಚು ಅಗತ್ಯ. ಸೇವಕನೊಬ್ಬನು ಮೆರವಣಿಗೆಯನ್ನು ತಡೆದು, ಎಲ್ಲರೆದುರು ಮೂರು ಬಾರಿ ಹೇಳುವ ಮಾತಿಗೆ ಆ ಶಕ್ತಿಯಿದೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಕಿರೀಟವು ಬಲಿಪೀಠದ ಮೇಲೆ ಬಡವರಿಗಾಗಿ ಅರ್ಪಿತವಾಗಿದೆ, ಅರ್ಪಿಸಿದುದನ್ನು ಮರಳಿ ಪಡೆಯುವುದು ತರವಲ್ಲ. ಆಸನ, ಬೀಸಣಿಗೆಗಳು ವಸ್ತುಸಂಗ್ರಹಾಲಯದಲ್ಲಿ ಗೌರವದಿಂದಿರಲಿ. ಉಣ್ಣೆಯ ಪಟ್ಟಿಯೂ ಉಂಗುರವೂ ಈಗಿರುವಂತೆಯೇ ಉಳಿಯಲಿ. ಮರಳಿ ತರುವ ಮನಸ್ಸು ಆ ಧರ್ಮದ ಹಿರಿಯರಿಗೆ ಎಂದಾದರೂ ಬಂದಲ್ಲಿ, ಮೊದಲು ಒಂದು ಹಿಡಿ ನಾರು, ಒಂದು ಕಿಡಿ ಬೆಂಕಿ ಮತ್ತು ಅಂಜದೆ ಹೇಳುವ ಆ ಸೇವಕ ಮರಳಿ ಬರಲಿ. ಅದಕ್ಕೆ ಬೊಕ್ಕಸದಿಂದ ಏನನ್ನೂ ತೆಗೆಯಬೇಕಿಲ್ಲ. ಯಾವ ಪಕ್ಷವೂ ಅದನ್ನು ತನ್ನ ಗೆಲುವೆಂದು ಹೇಳಿಕೊಳ್ಳಲಾರದು.