ನಿಸ್ತಂತು ಸ್ಟಾರ್ಟರ್ ಕೊಳ್ಳುವ ಮೊದಲು ಅದರ ಚೀಟಿ ಓದಿರಿ

ಹಾನಗಲ್ಲದ ಭತ್ತದ ಗದ್ದೆ, ಸವಣೂರಿನ ಎಲೆಬಳ್ಳಿ ತೋಟ, ಶಿಗ್ಗಾಂವಿಯ ಹತ್ತಿ, ಹಿರೇಕೆರೂರಿನ ಗೋವಿನಜೋಳ: ಕೊಳವೆಬಾವಿ ಇದ್ದಲ್ಲೆಲ್ಲ ಮೊಬೈಲಿನಿಂದ ಪಂಪು ನಡೆಸುವ ಪೆಟ್ಟಿಗೆಗಳು ಈಗ ಬಂದಿವೆ. ತ್ರೀಫೇಸ್ ವಿದ್ಯುತ್ತು ರಾತ್ರಿ ಬಂದಾಗ ಹಾವು, ಚೇಳು ತುಳಿದುಕೊಂಡು ಹೊಲಕ್ಕೆ ಹೋಗುವ ಕಷ್ಟ ಇದರಿಂದ ತಪ್ಪಿದೆ. ಆದರೆ ಬೀಜದ ಚೀಲಕ್ಕೆ ನೀಲಿ ಚೀಟಿ ಇದೆಯೇ ಎಂದು ತಿರುಗಿಸಿ ನೋಡುವ ನಮ್ಮ ರೈತರು, ಸಾವಿರಾರು ರೂಪಾಯಿಯ ಈ ಪೆಟ್ಟಿಗೆಯ ಬೆನ್ನಿಗಿರುವ ಚೀಟಿಯನ್ನು ನೋಡುವುದಿಲ್ಲ.

ಮೊದಲು ನೋಡತಕ್ಕದ್ದು ತರಂಗದ ಅಂಕಿ. ಚೀಟಿಯ ಮೇಲೆ 'ಜಿಎಸ್‌ಎಂ 900/1800' ಎಂದಷ್ಟೇ ಇದ್ದರೆ ಅದು 2ಜಿ ಯಂತ್ರ. ಜಿಯೋ ಕಂಪನಿಗೆ 2ಜಿ ಜಾಲವಿಲ್ಲವಾದ್ದರಿಂದ ಅದರ ಸಿಮ್ ಈ ಯಂತ್ರದಲ್ಲಿ ನಡೆಯದು. 'ಎಲ್‌ಟಿಇ' ಅಥವಾ '4ಜಿ' ಎಂದಿದ್ದರೆ ನಡೆದೀತು. ಇದನ್ನು ಓದದೆ ನಾನೂ ಒಮ್ಮೆ ಪ್ರಾತ್ಯಕ್ಷಿಕೆಯಲ್ಲಿ ರೈತರೆದುರು ಪೆಚ್ಚಾದದ್ದುಂಟು. ನಿಮ್ಮ ಹೊಲದಲ್ಲಿ ಯಾವ ಕಂಪನಿಯ ಜಾಲ ಸಿಗುತ್ತದೆ ಎಂಬುದನ್ನು ಬಾವಿಯ ಬಳಿಯೇ ನಿಂತು ಪರೀಕ್ಷಿಸಿರಿ. ಮನೆಯ ಕಟ್ಟೆಯ ಮೇಲೆ ಕುಳಿತಲ್ಲ.

ಸಿಮ್ ಇಲ್ಲದೆ ದೂರದಿಂದ ಸುದ್ದಿ ಕಳಿಸುವ ಮಣ್ಣಿನ ತೇವಮಾಪಕಗಳಿಗೆ ಬೇರೆ ತರಂಗ ಬೇಕು. ಕಡಿಮೆ ಶಕ್ತಿಯ ಇಂಥ ಸಾಧನಗಳಿಗಾಗಿ ನಮ್ಮ ದೇಶ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. 2021ರಲ್ಲಿ ಅದು 868ರವರೆಗೆ ವಿಸ್ತರಿಸಿತು. ಅಮೆರಿಕದಲ್ಲಿ ಇದೇ ಕೆಲಸಕ್ಕೆ 902ರಿಂದ 928ರ ಪಟ್ಟಿ ಇದೆ. ಅಲ್ಲಿಗೆಂದು ಮಾಡಿದ '915' ಯಂತ್ರವನ್ನು ಅಗ್ಗವೆಂದು ಇಲ್ಲಿ ಹಾಕಿದರೆ, ನಮ್ಮ ಮೊಬೈಲುಗಳು ಗೋಪುರದೊಡನೆ ಮಾತಾಡುವ 890ರಿಂದ 915ರ ಪಟ್ಟಿಗೆ ಅದು ಅಡ್ಡ ಬರುತ್ತದೆ. ಒಬ್ಬನ ಕಾಲುವೆಯ ನೀರನ್ನು ಇನ್ನೊಬ್ಬ ತಿರುಗಿಸಿಕೊಂಡಂತೆ! ಸಿಇ, ಎಫ್‌ಸಿಸಿ ಎಂಬ ಅಕ್ಷರಗಳು ಯುರೋಪು ಮತ್ತು ಅಮೆರಿಕದ ಗುರುತುಗಳು. ಅವು ಎಷ್ಟೇ ದಪ್ಪಗಿದ್ದರೂ ಭಾರತದ ಒಪ್ಪಿಗೆ ಆಗಲಾರವು. ಇಲ್ಲಿನ ಒಪ್ಪಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದ್ದು. ಅದರ ಸಂಖ್ಯೆ ಪೆಟ್ಟಿಗೆಯ ಮೇಲೆ ಕಾಣುವುದು ವಿರಳವಾದ್ದರಿಂದ ಅಂಗಡಿಯವರಿಂದ ಪತ್ರದ ಪ್ರತಿಯನ್ನೇ ಕೇಳಿರಿ.

ಇನ್ನು ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು. ಮೇಲೆ ಐಎಸ್ ಸಂಖ್ಯೆ, ಕೆಳಗೆ 'ಆರ್' ಅಕ್ಷರದ ಮುಂದೆ 8 ಅಂಕಿ. 2012ರ ಆದೇಶದಿಂದ ಆರಂಭವಾದ ಈ ಕಡ್ಡಾಯ ನೋಂದಣಿಗೆ ಅಡಾಪ್ಟರು, ಮೊಬೈಲು, ಮರುಚಾರ್ಜಿನ ಬ್ಯಾಟರಿ ಮುಂತಾದವು ಒಳಪಟ್ಟಿವೆ. 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆ ಒತ್ತಿದರೆ ತಯಾರಕರ ಹೆಸರು, ವಸ್ತುವಿನ ಹೆಸರು ಬರುತ್ತವೆ. ವಸ್ತುವಿನ ಹೆಸರನ್ನು ತಪ್ಪದೆ ಓದಿರಿ. ಪೆಟ್ಟಿಗೆಯೊಳಗಿನ ಅಡಾಪ್ಟರಿಗೆ ಸಿಕ್ಕ ಸಂಖ್ಯೆಯನ್ನು ತೋರಿಸಿ ಇಡೀ ಸ್ಟಾರ್ಟರಿಗೇ ಸರಕಾರದ ಮುದ್ರೆ ಬಿದ್ದಿದೆ ಎಂದರೆ ನಂಬಬೇಡಿರಿ.

ಸಿಮ್ ಹಾಕುವ ಯಂತ್ರಕ್ಕೆ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಅದನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿರಿ. ಹಳೆಯ ಮೊಬೈಲು ಕೊಳ್ಳುವವರು ಕೆವೈಎಂ ಎಂಬ ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಈ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳಿಸಬಹುದು. ಕಪ್ಪುಪಟ್ಟಿಯಲ್ಲಿದೆ ಎಂದು ಉತ್ತರ ಬಂದರೆ ಕೊಳ್ಳಬಾರದು. ತಯಾರಕರ ಅಥವಾ ಆಮದುದಾರರ ವಿಳಾಸ, ತಯಾರಾದ ತಿಂಗಳು, ಗರಿಷ್ಠ ಬೆಲೆ ಇವು ಪೊಟ್ಟಣದ ಮೇಲೆ ಇರಲೇಬೇಕು. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಒಂದು ಮಾತು ಸ್ಪಷ್ಟವಾಗಿರಲಿ. ನಿಸ್ತಂತು ಒಪ್ಪಿಗೆಯು ತರಂಗದ ಮಟ್ಟಿಗೆ ಮಾತ್ರ. ಒಂದು ಫೇಸು ಹೋದಾಗ, ಬಾವಿ ಬತ್ತಿದಾಗ ಮೋಟಾರು ತಾನೇ ನಿಲ್ಲುವುದೇ ಎಂಬುದನ್ನು ಅದು ಹೇಳದು; ಅಳವಡಿಸುವ ದಿನವೇ ಮಾರುವವರಿಂದ ಮಾಡಿ ತೋರಿಸಿಕೊಳ್ಳಬೇಕು. ಮೋಟಾರಿಗೆ ಕೈ ಹಚ್ಚುವ ಮುನ್ನ, ಬಾವಿಗೆ ಇಳಿಯುವ ಮುನ್ನ ಮೊಬೈಲಿನಲ್ಲಿ 'ಬಂದ್' ಒತ್ತಿದರೆ ಸಾಲದು. ಊರಲ್ಲಿರುವ ಮಗ ಅರಿಯದೆ ಪುನಃ 'ಚಾಲೂ' ಒತ್ತಬಹುದು. ಮೇನ್ ಸ್ವಿಚ್ ಇಳಿಸಿ, ಫ್ಯೂಜುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ತೊಡಗಿರಿ.