ಫೇಶಿಯಲ್‌ಗೆ ಕೂರಿಸುವ ಮುನ್ನ ಮುಖ ನೋಡಿ

ಮಕ್ಕಳು ಶಾಲೆಗೆ ಹೋದಮೇಲೆ ಸಿಗುವ ಎರಡು ಗಂಟೆಯಲ್ಲಿ ಬ್ಯೂಟಿಷಿಯನ್ ತರಬೇತಿಗೆ ಸೇರಿದ್ದೀರಾ? ಸಂತೋಷ. ಹುಬ್ಬು ತಿದ್ದುವುದು, ಫೇಶಿಯಲ್, ಮದುಮಗಳ ಜಡೆ ಎಲ್ಲವೂ ಬೇಗ ಕೈಗೂಡುತ್ತವೆ. ತಡವಾಗಿ ಬರುವ ವಿದ್ಯೆ ಇನ್ನೊಂದಿದೆ: ಎದುರಿಗೆ ಕೂತವರ ಚರ್ಮ ನೋಡಿ, "ಇವತ್ತು ಬೇಡ ರೀ, ಮೊದಲು ಡಾಕ್ಟರಿಗೆ ತೋರಿಸಿ" ಎನ್ನುವುದು.

ಹಣೆಯ ಮೇಲೆ, ಹುಬ್ಬಿನ ಸುತ್ತ ಚಪ್ಪಟೆಯಾದ ಸಣ್ಣ ಗುಳ್ಳೆಗಳಿವೆಯೇ? ನರೂಲಿ ಇರಬಹುದು. ಇದು ವೈರಸ್‌ನಿಂದ ಬರುವಂಥದ್ದು. ಅದರ ಮೇಲೆ ದಾರ ಆಡಿಸಿದರೆ, ದಾರ ಹೋದ ದಾರಿಯಲ್ಲೇ ಹೊಸ ಗುಳ್ಳೆಗಳು ಏಳಬಹುದು. ಕೀವು ತುಂಬಿದ ಮೊಡವೆಗೂ ಅಷ್ಟೇ, ಉಜ್ಜುವುದು, ಹಿಸುಕುವುದು ಯಾವುದೂ ಬೇಡ.

ಬಿಳಿ ಮಚ್ಚೆ ಕಂಡ ಕೂಡಲೇ ಹೌಹಾರಬೇಡಿ. ಕುತ್ತಿಗೆ, ಬೆನ್ನಿನ ಮೇಲೆ ತೆಳುವಾಗಿ ಹೊಟ್ಟು ಏಳುವ ಮಾಸಲು ಮಚ್ಚೆ ಸಾಮಾನ್ಯವಾಗಿ ಚಿಬ್ಬು. ಬೆವರಿನ ಕಾಲದಲ್ಲಿ ಹೆಚ್ಚು, ಔಷಧಿಗೆ ಬಗ್ಗುತ್ತದೆ. ಹಾಲಿನಷ್ಟು ಬೆಳ್ಳಗಿದ್ದರೆ ತೊನ್ನು ಇರಬಹುದು. ಅದು ಅಂಟುರೋಗವೇ ಅಲ್ಲ. ಅಂಥವರನ್ನು ಮುಟ್ಟಲು ಹಿಂಜರಿಯುವುದು ನಮ್ಮ ಅಜ್ಞಾನ, ಅಷ್ಟೆ. ಆದರೆ ತೊನ್ನು ಹರಡುತ್ತಿರುವಾಗ ಚರ್ಮ ತರಚಿದ ಕಡೆ ಹೊಸ ಮಚ್ಚೆ ಬರುವುದುಂಟು, ಹಾಗಾಗಿ ವ್ಯಾಕ್ಸ್ ಬೇಡ. ಸ್ಟಿಕರ್ ಬೊಟ್ಟು ಅಂಟಿಸುವ ಜಾಗ ಮಾತ್ರ ಬೆಳ್ಳಗಾಗಿದ್ದರೆ ಅದರ ಅಂಟನ್ನು ಅನುಮಾನಿಸಿ, ಅಂಟಿಸುವುದನ್ನು ಇವತ್ತೇ ನಿಲ್ಲಿಸಿ. ಮುಟ್ಟಿದರೆ ಸ್ಪರ್ಶವೇ ತಿಳಿಯದ ಮಾಸಲು ಮಚ್ಚೆಯಾದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಕುಷ್ಠವೇ ಆಗಿದ್ದರೂ 6 ಅಥವಾ 12 ತಿಂಗಳ ಉಚಿತ ಔಷಧಿಯಿಂದ ಗುಣವಾಗುತ್ತದೆ.

ಇನ್ನು ಬಂಗು. "ಇದೊಂದು ಹೋಗಿಸಿಕೊಡಿ" ಎಂದು ನಿಮ್ಮಲ್ಲಿಗೆ ಬರುವವರು ಬಹಳ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ತಾಯಿಗಿದ್ದರೆ ಮಗಳಿಗೂ ಎಂಬಂತೆ ವಂಶದ ಗುಣ, ಹೀಗೆ ಕಾರಣ ಹಲವು. ಕಡಿಮೆಯಾಗಲು ತಿಂಗಳುಗಟ್ಟಲೆ ಬೇಕು, ಬಿಸಿಲು ತಾಗಿದರೆ ಮರಳಿ ಬರುತ್ತದೆ. ಇಷ್ಟು ತಾಳ್ಮೆ ಯಾರಿಗಿದೆ ಹೇಳಿ! ಪಕ್ಕದ ಮನೆಯವರು ಹೇಳಿದ ಟ್ಯೂಬು ಮೆಡಿಕಲ್ ಶಾಪಿನಿಂದ ಬರುತ್ತದೆ. ಕೆಲವೇ ದಿನಗಳಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಎಲ್ಲರೂ "ಏನು ಹಚ್ತೀರಿ?" ಅಂತ ಕೇಳುವವರೇ.

ಆ ಟ್ಯೂಬಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲೂ ಬೆಳೆಯಬಹುದು. ಬಿಟ್ಟರೆ ಉರಿ, ಉರಿ ತಾಳದೆ ಮತ್ತೆ ಅದೇ ಟ್ಯೂಬು. ಗಜಕರ್ಣಕ್ಕೆ ಹಚ್ಚಿದರೂ ತುರಿಕೆ ನಿಂತಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹರಡುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇನೋ ಮಾಡಿತು. ಅಂಗಡಿಯವರು ಕೇಳಬೇಕಲ್ಲ!

ಆದ್ದರಿಂದ ಟವೆಲ್ ಹೊದಿಸುವ ಮೊದಲೇ ಕೇಳಿ: "ಮುಖಕ್ಕೆ ಏನು ಹಚ್ತಿದ್ದೀರಿ? ಎಷ್ಟು ದಿನದಿಂದ?" ಸ್ಟಿರಾಯ್ಡ್ ಎಂದು ತಿಳಿದರೆ ಬ್ಲೀಚ್, ವ್ಯಾಕ್ಸ್ ಮುಟ್ಟಬೇಡಿ, ತೆಳುವಾದ ಚರ್ಮ ಸುಲಿದುಬಂದೀತು. ಹಾಗಂತ "ಇವತ್ತೇ ನಿಲ್ಲಿಸಿಬಿಡಿ" ಎಂದೂ ಹೇಳಬೇಡಿ. ಥಟ್ಟನೆ ನಿಲ್ಲಿಸಿದರೆ ಮುಖ ಕೆರಳುತ್ತದೆ. ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮವೈದ್ಯರ ಬಳಿ ಹೋಗಲು ಹೇಳಿ, ಹೇಗೆ ಬಿಡಿಸಬೇಕೆಂಬುದು ಅವರಿಗೆ ಗೊತ್ತು.